ಬಲಕ್ಕೆ ವಾಲಿಸಿದ ಗಾಲಿ

ನಮ್ಮ ಮನೆಯವರಿಗೆ ಮೋಟಾರು ಮೊದಲು, ಹೆಂಡತಿ ಆಮೇಲೆ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಹಳಿಯಾಳದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಬಾಡಿಗೆಗೆ ಓಡಿಸುತ್ತಿದ್ದ ಆ ಹಳೆಯ ಕಾರಿನಲ್ಲಿ ಅವರು ಕಟ್ಟಿಗೆ ಗುತ್ತಿಗೆದಾರರನ್ನು ಕುಳಗಿ ಕಾಡಿಗೆ ಒಯ್ಯುತ್ತಿದ್ದರು, ಕುಂಬಾರವಾಡದ ಕಡೆಯಿಂದ ಹೆರಿಗೆ ನೋವಿನ ಹೆಂಗಸರನ್ನು ದವಾಖಾನೆಗೆ ತರುತ್ತಿದ್ದರು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡ ಬೆರಳುಗಳಿಂದಲೇ ಗಾಡಿಯ ಮೂತಿಗೂ ಮೂರು ಗೆರೆ ಎಳೆಯುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ನಗುತ್ತಿದ್ದೆ.

ಆಮೇಲೆ ಕಣ್ಣು ಮುಚ್ಚಿ ಮುಂದಿನ ಟೈರುಗಳ ಮೇಲೆ ಬಲ ಅಂಗೈ ಆಡಿಸುತ್ತಿದ್ದರು. ಒಂದು ದಿಕ್ಕಿಗೆ ನುಣ್ಣಗೆ, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ತಾಗಿದರೆ ಎರಡು ಗಾಲಿಗಳು ಒಂದೇ ನೇರದಲ್ಲಿ ಓಡುತ್ತಿಲ್ಲ ಎಂದರ್ಥ. ಹೊರಗಿನ ಅಂಚಷ್ಟೇ ಸವೆದಿದ್ದರೆ ಗಾಲಿ ಹೊರಕ್ಕೆ ವಾಲಿದೆ. ಎರಡನೇ ಮಹಾಯುದ್ಧದ ಕಾಲವದು, ಹೊಸ ಟೈರು ಕನಸಿನ ಮಾತು. ಬೇರೆ ಡ್ರೈವರುಗಳು ತಮ್ಮ ಗಾಡಿ ಒಂದು ಕಡೆ ಎಳೆಯುತ್ತದೆ ಎಂದು ಗೊಣಗಿದರೆ, "ಕುಣೀಲಾಕ ಬರದಾಕಿ ನೆಲ ಡೊಂಕ ಅಂದಳಂತ" ಎಂದು ಇವರು ಚುಚ್ಚದೆ ಬಿಡುತ್ತಿರಲಿಲ್ಲ.

ಅಂಥವರೇ ಒಂದು ಮಳೆಗಾಲ ಮುಗಿದ ಮೇಲೆ ತಮ್ಮ ಗಾಡಿ ಎಡಕ್ಕೆ ಎಳೆಯುತ್ತಿದೆ ಎಂದು ಮೋಟಾರು ರಿಪೇರಿಯ ಮಿಸ್ತ್ರಿಯ ಬಳಿ ಹೋದರು. ಸಂತೆ ಬಯಲಿನ ಪಕ್ಕದಲ್ಲಿ ಶೆಡ್ಡು ಹಾಕಿಕೊಂಡಿದ್ದ ಆ ಮುಸಲ್ಮಾನ ಮಿಸ್ತ್ರಿ ಅವರ ಜೀವದ ಗೆಳೆಯ, ವಯಸ್ಸಿನಲ್ಲಿ ಚಿಕ್ಕವನು, ನನ್ನನ್ನು ಅತ್ತಿಗೆಯೆಂದು ಬಗೆದು ವೈನಿ ಎನ್ನುತ್ತಿದ್ದ. ಅವನು ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ದಾರ ಬಿಗಿದು ನೋಡಿದ. ಬಿದಿರು ಕೋಲು ಹಿಡಿದು ಮುಂದಿನ ಎರಡು ಗಾಲಿಗಳ ನಡುವಿನ ಅಂತರವನ್ನು ಅಳೆದ. ಗೌಂಡಿಗಳು ಗೋಡೆಗೆ ಹಿಡಿಯುವ ತೂಗುಗುಂಡನ್ನು ಗಾಲಿಯ ಪಕ್ಕ ಇಳಿಬಿಟ್ಟು ವಾಲು ನೋಡಿದ. ಮರುದಿನ ನಮ್ಮ ಮನೆಯವರು ಸ್ನಾನಕ್ಕೆ ಹೋದ ಹೊತ್ತಿಗೆ ಹಿತ್ತಲ ಬಾಗಿಲಿಗೆ ಬಂದ.

"ವೈನಿ, ಗಾಡಿದು ಏನೂ ತಪ್ಪಿಲ್ಲ. ನಾ ಹೊಡದ್ರ ನೆಟ್ಟಗ ಹೋಗತೈತಿ. ಅಣ್ಣನ ಬಲಗೈ ಸೋತೈತಿ. ಎಡಗೈ ಭಾರಕ್ಕ ಗಾಡಿ ಆ ಕಡೆ ಹೊಳ್ಳತೈತಿ."

"ಗೊತ್ತೈತಿ" ಎಂದೆ. ಅಂಗಿಯ ಗುಂಡಿಗಳನ್ನು ಅವರು ಎಡಗೈಯಿಂದ ಹಾಕಿಕೊಳ್ಳುವುದನ್ನು ನೋಡಿದ್ದೆ. ಕೇಳದೆಯೇ ರೊಟ್ಟಿ ಮುರಿದು ತಾಟಿಗೆ ಹಾಕತೊಡಗಿದ್ದೆ. ಧಾರವಾಡದ ದವಾಖಾನೆಯ ಮಾತೆತ್ತಿದರೆ ತಾಟು ದೂಡಿ ಎದ್ದು ಹೋಗುತ್ತಿದ್ದರು.

"ನೀನ ಹೇಳಪಾ ಅವರಿಗೆ."

"ಸ್ಟೇರಿಂಗ್ ಬಿಡು ಅಂತ ಅಣ್ಣಗ ನಾ ಹೆಂಗ ಹೇಳ್ಲಿ ವೈನಿ? ನನ್ನ ಕೈಲೆ ಆಗೂದಿಲ್ಲ."

ಹೇಳುವ ಬದಲು ಅವನು ಯಾವ ಮಿಸ್ತ್ರಿಯೂ ಮಾಡಬಾರದ ಕೆಲಸ ಮಾಡಿದ. ಸರಪಳಿ ಬಿಗಿದು, ಜಾಕು ಕೊಟ್ಟು, ಮುಂದಿನ ಆಕ್ಸಲನ್ನು ತುಸುವೇ ಬಗ್ಗಿಸಿ, ನೆಟ್ಟಗಿದ್ದ ಬಲಗಡೆಯ ಗಾಲಿಯನ್ನು ಹೊರಕ್ಕೆ ವಾಲಿಸಿದ. ಈಗ ಗಾಡಿ ತಾನಾಗಿ ಬಲಕ್ಕೆ ಎಳೆಯುತ್ತಿತ್ತು, ಅವರ ಕೈ ಎಡಕ್ಕೆ ಎಳೆಯುತ್ತಿತ್ತು. ಎರಡು ಡೊಂಕು ಸೇರಿ ನೇರವಾಯಿತು. "ಕೈ ಅಂದ್ರ ನಿನ್ನ ಕೈ ನೋಡು" ಎಂದು ಇವರು ಹೊಗಳಿದರೆ ಅವನು ತಲೆ ತಗ್ಗಿಸಿದ. ಅಂದಿನಿಂದ ಶೆಡ್ಡಿಗೆ ಬಾಗಿಲು ಹಾಕಿ ಪ್ರತಿ ಬಾಡಿಗೆಗೂ ಅವರ ಪಕ್ಕದಲ್ಲಿ ಕುಳಿತು ಹೋಗತೊಡಗಿದ, ಏನಾದರೂ ಆದರೆ ಸ್ಟೇರಿಂಗ್ ಹಿಡಿಯಲು. ಯಾಕೆ ಎಂದು ಕೇಳಿದರೆ, "ಸುಮ್ಮನ ಬರ್ತೇನಿ, ಶೆಡ್ಡಿನ್ಯಾಗ ಬ್ಯಾಸರ" ಎನ್ನುತ್ತಿದ್ದ.

ಗಾಡಿಗೆ ಮಾತ್ರ ಮೋಸ ಮಾಡಲು ಬರುವುದಿಲ್ಲ. ವಾಲಿದ ಟೈರಿನ ಹೊರ ಅಂಚು ದಿನದಿನಕ್ಕೆ ಬೋಳಾಗುತ್ತಿತ್ತು. ಅವರು ಎಂದಿನಂತೆ ಕಣ್ಣು ಮುಚ್ಚಿ ಬಲ ಅಂಗೈ ಆಡಿಸಿ, "ಛಲೋ ಐತಿ" ಎಂದು ಏಳುತ್ತಿದ್ದರು. ಆ ಕೈಗೆ ಏನೂ ತಿಳಿಯುತ್ತಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಒಲೆಯ ಮುಂದೆ ಕುಳಿತು ಹೊಗೆಯ ನೆಪದಲ್ಲಿ ಅಳುತ್ತಿದ್ದೆ.

ಒಂದು ಬೆಳಿಗ್ಗೆ ಬಲಗೈ ಮೇಲೇಳಲಿಲ್ಲ. ಎಡಗೈಯಿಂದ ವಿಭೂತಿ ಹಚ್ಚಿಕೊಂಡರು. ಎಡ ಅಂಗೈಯನ್ನೇ ಟೈರಿನ ಮೇಲೆ ಇಟ್ಟರು. ಇಟ್ಟದ್ದು ಅಲ್ಲೇ ನಿಂತಿತು. ಕಣ್ಣು ತೆರೆದು ಬಹಳ ಹೊತ್ತು ಆ ಅಂಚನ್ನು ನೋಡಿದರು. ಮಿಸ್ತ್ರಿ ಬಂದಾಗ ಟೈರು ತೋರಿಸಿದರು. ಅವನು ನಿಂತಲ್ಲೇ ಅಳತೊಡಗಿದ.

ಮೂಗಿನ ಮೇಲೆ ಸಿಟ್ಟಿರುವ ಮನುಷ್ಯ, ಈಗ ಬೈಯುತ್ತಾರೆ ಎಂದು ನಾನು ಹೊಸ್ತಿಲಲ್ಲಿ ಕಾದೆ.

"ಕುಣೀಲಾಕ ಬರದಾಕಿ..." ಎಂದು ಶುರು ಮಾಡಿದವರು ಮಾತು ಮುಗಿಸಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು: "ಗಾಡಿ ನೆಟ್ಟಗ ಮಾಡಪಾ. ಅದರದೇನು ತಪ್ಪು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ನನ್ನ ಎದೆ ಒಡೆದು ಹೋಯಿತು.

ಸಂಜೆಯೊಳಗೆ ಆಕ್ಸಲ್ ನೆಟ್ಟಗಾಯಿತು. ಮಿಸ್ತ್ರಿ ಸ್ಟೇರಿಂಗಿಗೆ ಕುಳಿತ, ನನ್ನನ್ನು ಹಿಂದೆ ಕೂರಿಸಿದರು. ಇವರು ಎಡಗಡೆಯ ಬಾಗಿಲು ತೆರೆದು ಹತ್ತಿ, ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ದಾಂಡೇಲಿ ರಸ್ತೆಯಲ್ಲಿ ಸ್ವಲ್ಪ ದೂರ ಹೋದ ಮೇಲೆ, "ಕೈ ಬಿಡು ನೋಡೂಣು" ಎಂದರು. ಮಿಸ್ತ್ರಿ ಎರಡೂ ಕೈ ಬಿಟ್ಟ. ಗಾಡಿ ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಯಾರ ಕೈಯೂ ಬೇಕಿಲ್ಲದೆ ನೆಟ್ಟಗೆ ಹೋಯಿತು, ಅವರು ಅದನ್ನು ನೋಡುತ್ತ ಕುಳಿತರು.