ಮಲ್ಲೇಗೌಡ ಮೇಷ್ಟ್ರ ಮೀಸೆ

ಮಲ್ಲೇಗೌಡ ಮೇಷ್ಟ್ರ ಮೀಸೆ ಮೇಲ್ದುಟಿಯನ್ನು ಪೂರ್ತಿ ಮುಚ್ಚಿ, ಸೂರಿನ ಹುಲ್ಲಿನ ಹಾಗೆ ಕೆಳದುಟಿಯ ಮೇಲೂ ಇಳಿದಿತ್ತು. ಕಾಫಿ ಕುಡಿದ ಮೇಲೆ ಅದನ್ನು ಒರೆಸಲು ಅಂಗಿಯ ಜೇಬಿನಲ್ಲಿ ಬೇರೆಯದೇ ಒಂದು ಕರ್ಚೀಫು ಇಟ್ಟುಕೊಂಡಿರುತ್ತಿದ್ದರು. ವನಗೂರಿನಿಂದ ಎರಡು ಮೈಲಿ ಆಚೆಗಿದ್ದ ನಮ್ಮ ಶಾಲೆಯಲ್ಲಿ ಆ ಮೀಸೆಗೆ ಹೆದರದ ಮಕ್ಕಳಿರಲಿಲ್ಲ. ಆದರೆ ಬೇರೆಯವರ ಹೆದರಿಕೆಯೇ ಬೇರೆ, ನನ್ನದೇ ಬೇರೆ. ಐದನೇ ತರಗತಿಗೆ ಬಂದ ಮೊದಲ ದಿನ ಅವರ ಮುಖ ನೋಡಿದಾಗಲೇ ಇನ್ನು ನನ್ನ ಓದು ಮುಗಿಯಿತು ಅನ್ನಿಸಿತ್ತು.

ಆರನೇ ವರ್ಷದಲ್ಲಿ ಬಂದ ಮೆದುಳು ಜ್ವರ ನನ್ನ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ಅಷ್ಟರಲ್ಲಿ ಮಾತು ಕಲಿತಿದ್ದರಿಂದ ಬಾಯಿ ಉಳಿಯಿತು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದನ್ನು ಯಾರೂ ಹೇಳಿಕೊಡದೆ ಕಲಿತುಕೊಂಡೆ. ನಾಲ್ಕನೇ ತರಗತಿಯವರೆಗೆ ನಮ್ಮೂರ ಚಿಕ್ಕ ಶಾಲೆಯಲ್ಲಿದ್ದ ಟೀಚರು ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು, ನಡೆದುಹೋಯಿತು. ಅವ್ವ ಮಾತ್ರ ದಿನಾ ಎಚ್ಚರಿಸುತ್ತಿದ್ದಳು: "ಕೇಳ್ಸಾಕಿಲ್ಲ ಅಂತ ಯಾರತ್ರಾನೂ ಬಾಯಿ ಬಿಡ್ಬ್ಯಾಡ ಲಲಿತಾ. ನಾಳೆ ನಿನ್ನ ಕೇಳ್ಕಂಡು ಯಾರೂ ಬರಾಕಿಲ್ಲ."

ಹೊಸ ಶಾಲೆಯಲ್ಲೂ ನಾನು ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗಳು ಸುಮಿತ್ರಾ ವಾರದೊಳಗೆ ಗುಟ್ಟು ಕಂಡುಹಿಡಿದಳು. ಕಂಡುಹಿಡಿದರೂ ಯಾರಿಗೂ ಹೇಳದೆ ತನ್ನ ಪುಸ್ತಕವನ್ನು ನನ್ನ ಕಡೆಗೆ ವಾಲಿಸಿ ಇಡತೊಡಗಿದಳು. ಹೀಗೆ ಎರಡು ತಿಂಗಳು ಕಳೆಯಿತು.

ಉಕ್ತಲೇಖನದ ದಿನ ಮೇಷ್ಟ್ರು ಎಲ್ಲರನ್ನೂ ದೂರ ದೂರ ಕೂರಿಸಿದರು. ನಾನು ಕಣ್ಣು ಕೀಲಿಸಿ ನೋಡಿದೆ. ಮೀಸೆ ಅಲುಗಿತು, ನಿಂತಿತು. ಮತ್ತೆ ಅಲುಗಿತು, ನಿಂತಿತು. ಒಟ್ಟು ಹತ್ತು ಸಲ. ನಾನು ಪುಸ್ತಕದಲ್ಲಿ ಒಂದರಿಂದ ಹತ್ತರವರೆಗೆ ಅಂಕಿಗಳನ್ನು ದುಂಡಗೆ ಬರೆದು, ಅವುಗಳ ಮುಂದಿನ ಜಾಗ ಖಾಲಿ ಬಿಟ್ಟು ಕೊಟ್ಟೆ. ಮೇಷ್ಟ್ರಿಗೆ ಅದು ಸೊಕ್ಕಿನಂತೆ ಕಂಡಿತು. ಏನೋ ಕೇಳಿದರು. ನಾನು ಅಲುಗುವ ಮೀಸೆಯನ್ನೇ ನೋಡಿದೆ. ಅಂಗೈ ಮೇಲೆ ಎರಡು ಏಟು ಬಿತ್ತು, ಮೂರನೆಯದಕ್ಕೆ ಬೆತ್ತ ಎತ್ತಿದಾಗ ಸುಮಿತ್ರಾ ಎದ್ದು ನಿಂತಳು. ಅವಳೇನು ಹೇಳಿದಳೆಂದು ಆಮೇಲೆ ಅವಳೇ ನನಗೆ ಹೇಳಿದ್ದು: "ಹೊಡೀಬೇಡಿ ಸಾರ್. ಅವ್ಳಿಗೆ ಕಿವಿ ಕೇಳಾಕಿಲ್ಲ. ಬಾಯಿ ನೋಡ್ಕಂಡು ತಿಳ್ಕಂತಾಳೆ. ನಿಮ್ಮ ಬಾಯೇ ಕಾಣಾಕಿಲ್ಲ."

ಬೆತ್ತ ಇಳಿಯಿತು. ಮೇಷ್ಟ್ರು ನನ್ನ ಮುಖ ನೋಡಿದರು. ಆಮೇಲೆ ನನ್ನ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದರು. ಅವತ್ತು ಶನಿವಾರ. ಮಧ್ಯಾಹ್ನದ ಬಸ್ಸಿಗೆ ಅವರು ತಮ್ಮೂರು ಕುಂದೂರಿಗೆ ಹೋದರು.

ಸೋಮವಾರ ಪ್ರಾರ್ಥನೆಗೆ ನಿಂತಾಗ ಯಾರೋ ಹೊಸಬರು ಬಂದಿದ್ದಾರೆ ಅಂದುಕೊಂಡೆ. ಮೀಸೆಯಿದ್ದ ಜಾಗ ಬಿಳುಚಿಕೊಂಡಿತ್ತು. ತುಟಿಯ ಮೇಲೆ ಒಂದು ಕಡೆ ಗಾಯ, ಅದಕ್ಕೆ ಅಂಟಿಸಿದ ಕಾಗದದ ಚೂರು. ಅಪ್ಪ ಬದುಕಿರುವಾಗ ಗಂಡಸು ಮೀಸೆ ತೆಗೆಸುವುದು ನಮ್ಮ ಕಡೆ ಅಪಶಕುನ. ಕುಂದೂರಿನ ಕ್ಷೌರದವನು "ದೊಡ್ಡಗೌಡ್ರು ಗಟ್ಟಿಯಾಗವ್ರೆ, ನಾನ್ ಕತ್ತಿ ಮುಟ್ಟಾಕಿಲ್ಲ" ಎಂದುಬಿಟ್ಟನಂತೆ. ಮೇಷ್ಟ್ರು ತಾವೇ ಕನ್ನಡಿ ಹಿಡಿದು ಬೋಳಿಸಿಕೊಂಡಿದ್ದರು. ಬಸ್ಸಿಳಿದು ಶಾಲೆಗೆ ನಡೆದು ಬರುವಷ್ಟರಲ್ಲಿ ನಾಲ್ಕು ಜನ ತಡೆದು, "ಯಾವಾಗ ಹೋದ್ರು ಮೇಷ್ಟ್ರೇ? ಒಂದ್ ಮಾತು ಹೇಳಿ ಕಳ್ಸಬಾರ್ದಾ?" ಎಂದು ಕೇಳಿದರಂತೆ.

ತರಗತಿಯಲ್ಲಿ ಅವರು ನನ್ನ ಪುಸ್ತಕ ವಾಪಸು ಕೊಟ್ಟರು. ನನ್ನ ಹತ್ತು ಅಂಕಿಗಳ ಮುಂದೆ ಹತ್ತು ಪದಗಳನ್ನು ತಾವೇ ಬರೆದಿದ್ದರು. ಕೊನೆಗೆ ಕೆಂಪು ಶಾಯಿಯಲ್ಲಿ "ತಪ್ಪು ನನ್ನದು" ಎಂದಿತ್ತು. ನಾನು ತಲೆ ಎತ್ತಿದಾಗ ಅವರು ಬಗ್ಗಿ, ನನ್ನ ಕಣ್ಣಿಗೆ ಸಮವಾಗಿ ಮುಖ ಇಟ್ಟು ಕೇಳಿದರು: "ಈಗ ಕಾಣ್ತದೇನವ್ವ?"

"ಕಾಣ್ತದೆ ಸಾರ್" ಎಂದೆ.

ಕಂಡರೂ ಕಷ್ಟ ಮುಗಿದಿರಲಿಲ್ಲ. 'ಮರ' ಎಂದರೆ 'ಬರ' ಎಂದು ಬರೆಯುತ್ತಿದ್ದೆ, 'ಬಾಲ' ಎಂದರೆ 'ಪಾಲ'. ಒಂದು ದಿನ ಮೇಷ್ಟ್ರು ಕಿಟಕಿಯ ಗಾಜಿನಲ್ಲಿ ತಮ್ಮ ಬಾಯನ್ನೇ ನೋಡಿಕೊಳ್ಳುತ್ತಾ ಪ, ಬ, ಮ ಎಂದು ಹೇಳಿಕೊಂಡರು. ತಿರುಗಿದಾಗ ಕಣ್ಣು ಅರಳಿತ್ತು. "ಅಲಲಾ, ಮೂರೂ ಒಂದೇ ಥರ ಕಾಣ್ತವಲ್ರೋ! ಇಪ್ಪತ್ ವರ್ಷ ಕಾಗುಣಿತ ಹೇಳ್ಕೊಟ್ಟಿವ್ನಿ, ಇದೊಂದು ಗೊತ್ತೇ ಇರ್ಲಿಲ್ಲ ನಂಗೆ!" ಅವತ್ತಿನಿಂದ ನಮ್ಮ ತರಗತಿಗೆ ಒಂದು ಕಾಯಿದೆ ಬಂತು. ಮ ಬಂದರೆ ಮೂಗು ಮುಟ್ಟಬೇಕು, ಬ ಬಂದರೆ ಬುಜ (ಭುಜಕ್ಕೆ ನಮ್ಮ ಕಡೆ ಹಾಗೇ ಅನ್ನುವುದು), ಪ ಬಂದರೆ ಸುಮ್ಮನಿರಬೇಕು. ಮಾತಾಡುವವರು ಮೊದಲು ಕೈ ಎತ್ತಬೇಕು, ಯಾರ ಬಾಯಿ ನೋಡಬೇಕೆಂದು ನನಗೆ ಗೊತ್ತಾಗಲಿ ಎಂದು. ಒಂದೇ ತಿಂಗಳಲ್ಲಿ ಮೂವತ್ತು ಮಕ್ಕಳೂ ಮೂಗು, ಬುಜ ಮುಟ್ಟಿಕೊಂಡೇ ಜಗಳವಾಡತೊಡಗಿದರು. ಮೇಷ್ಟ್ರ ಪಾಠ ನಡೆಯುವಾಗಲೇ ಸದ್ದಿಲ್ಲದೆ ಚಾಡಿ ಹೇಳಲಿಕ್ಕೂ ಅದು ಬಲು ಉಪಯೋಗವಾಗುತ್ತಿತ್ತು.

ದಸರಾ ರಜೆ ಕಳೆದ ಮೇಲೆ ಮೇಷ್ಟ್ರ ತಂದೆಯೇ ಬಾಳೆಗೊನೆ ಹೊರಿಸಿಕೊಂಡು ಶಾಲೆಗೆ ಬಂದರು. ಕೋಲು ಹಿಡಿದ ಎತ್ತರದ ಮುದುಕ. ಅವರಿಗೂ ಅಂಥದ್ದೇ ಮೀಸೆ, ಇನ್ನೂ ದಪ್ಪ, ಬೆಳ್ಳಗೆ. ನನ್ನ ತಲೆ ಮೇಲೆ ಕೈಯಿಟ್ಟು ಏನೋ ಹೇಳಿ ನಕ್ಕರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಸುಮಿತ್ರಾ ನಗು ತಡೆದುಕೊಂಡು ತಿರುಗಿ ಹೇಳಿದಳು: "ನಾನ್ ಸತ್ತಾಗ ತೆಗ್ಸಾಕೆ ಅಂತ ಇಟ್ಕಂಡಿದ್ದ ಮೀಸೆ ಕಣವ್ವ ಅದು, ನಿನಗೇ ಮುಡುಪಾಗೋಯ್ತು ಅಂತವ್ರೆ."

ಏಳನೇ ತರಗತಿಯಲ್ಲಿದ್ದಾಗ ಶಾಲೆಗೆ ಇನ್‌ಸ್ಪೆಕ್ಟರ್ ಬಂದರು. ಮೇಷ್ಟ್ರು ಮೂಗು ಮುಟ್ಟಿಕೊಳ್ಳುತ್ತಾ ಪಾಠ ಮಾಡುವುದನ್ನು ಕಂಡು ಹುಬ್ಬು ಗಂಟಿಕ್ಕಿದರು. ವಿಷಯ ತಿಳಿದ ಮೇಲೆ ತಾವೇ ಉಕ್ತಲೇಖನ ಕೊಡುತ್ತೇನೆಂದು, ಕೈ ಹಿಂದೆ ಕಟ್ಟಿ, ಬೆಂಚುಗಳ ನಡುವೆ ಓಡಾಡುತ್ತಾ ಹೇಳತೊಡಗಿದರು. ಅವರ ಬೆನ್ನು ನನ್ನ ಕಡೆಗೆ ತಿರುಗಿದಾಗಲೆಲ್ಲ ಸುಮಿತ್ರಾ ನನ್ನತ್ತ ಹೊರಳಿ ಅದೇ ಮಾತನ್ನು ತುಟಿಯಲ್ಲಿ ಆಡುತ್ತಿದ್ದಳು. ಸಿಕ್ಕಿಬಿದ್ದಳು.

"ಏನಮ್ಮ, ನನ್ನೆದುರಿಗೇ ಹೇಳಿಕೊಡ್ತಿದೀಯ?"

ಸುಮಿತ್ರಾ ಕೈ ಎತ್ತಿ ಎದ್ದು ನಿಂತಳು. "ಹೇಳ್ಕೊಡ್ಲಿಲ್ಲ ಸಾರ್. ನೀವು ಗೋಡೆಗೆ ಹೇಳ್ತಿದ್ರಿ. ಅದನ್ನೇ ಅವ್ಳಿಗೆ ಹೇಳ್ದೆ."

ಇನ್‌ಸ್ಪೆಕ್ಟರ್ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಒಂದು ಕುರ್ಚಿ ತಂದು ನನ್ನ ಬೆಂಚಿನ ಎದುರಿಗೆ ಹಾಕಿ, "ಕೂತ್ಕಂಡು ಹೇಳಿ ಸಾರ್" ಎಂದರು. ಉಳಿದ ಆರು ವಾಕ್ಯಗಳನ್ನು ಅವರು ಕೂತೇ ಹೇಳಿದರು. ಮೇಷ್ಟ್ರು ಅವರ ಹಿಂದೆ ನಿಂತು ಮೂಗು, ಬುಜ ಮುಟ್ಟಿದರು. ಆರರಲ್ಲಿ ಐದು ಸರಿ ಬರೆದೆ. ಆದರೂ ಹೋಗುವಾಗ ಇನ್‌ಸ್ಪೆಕ್ಟರ್, ಮುಂದೆ ಹೈಸ್ಕೂಲಿನಲ್ಲಿ ಇಷ್ಟೆಲ್ಲ ಯಾರು ಮಾಡುತ್ತಾರೆ, ಹುಡುಗಿಯನ್ನು ಮೈಸೂರಿನ ಕಿವುಡರ ಶಾಲೆಗೆ ಕಳಿಸುವುದೇ ಒಳ್ಳೆಯದು ಎಂದು ಬರೆದಿಟ್ಟು ಹೋದರು.

ಅವತ್ತು ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಅವ್ವ ಅಳುತ್ತಿದ್ದಳು, ಅಪ್ಪ ನೆಲ ನೋಡುತ್ತಿದ್ದ. ಮೇಷ್ಟ್ರು ಜಗಲಿಯ ಅಂಚಿನಲ್ಲಿ, ಬೆಳಕು ತಮ್ಮ ಮುಖದ ಮೇಲೆ ಬೀಳುವ ಹಾಗೆ ಕೂತರು. ನಾನೂ ಅಲ್ಲಿದ್ದೆನಲ್ಲ.

"ಮೈಸೂರಿನ್ ಶಾಲೇಲಿ ಚೆನ್ನಾಗೇ ಕಲಿಸ್ತಾರೆ ಗೌಡ್ರೆ. ಅಲ್ಲಿ ಕೈಮಾತು ಐತೆ, ಇವಳಂಗೇ ಇರೋ ಮಕ್ಕಳವ್ರೆ. ಇವ್ಳಿಗೆ ಇಷ್ಟ ಇದ್ರೆ ನಾನೇ ಕರ್ಕಂಡ್ ಹೋಗ್ ಸೇರಿಸ್ ಬತ್ತೀನಿ. ಆದ್ರೆ ನಮಗೆ ಕಲಿಸಾಕೆ ಬರಾಕಿಲ್ಲ ಅಂತ ಮಾತ್ರ ಕಳ್ಸೋದ್ ಬ್ಯಾಡ." ಆಮೇಲೆ ನನ್ನ ಕಡೆ ತಿರುಗಿದರು. "ನಿನಗೆ ಏನ್ ಬೇಕು ಲಲಿತಾ?"

ಹನ್ನೆರಡು ವರ್ಷಗಳಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. "ಸುಮಿತ್ರಾ ಹೋಗೋ ಹೈಸ್ಕೂಲಿಗೇ ಹೋಗ್ತೀನಿ" ಎಂದೆ. ಮೇಷ್ಟ್ರು ತಲೆಯಾಡಿಸಿದರು. ಆ ಬೇಸಿಗೆ ರಜೆಯಲ್ಲಿ ಹೈಸ್ಕೂಲಿಗೆ ನಾಲ್ಕು ಸಲ ಹೋಗಿ, ಅಲ್ಲಿನ ಒಬ್ಬೊಬ್ಬ ಮೇಷ್ಟ್ರನ್ನೂ ಹಿಡಿದು ಕೂರಿಸಿ ಪ, ಬ, ಮ ಕಲಿಸಿದರೆಂದು ನನಗೆ ಗೊತ್ತಾಗಿದ್ದು ಎಷ್ಟೋ ದಿನಗಳ ಮೇಲೆ. ಎಲ್ಲರೂ ಕಲಿಯಲಿಲ್ಲ. ಗಣಿತದ ಮೇಷ್ಟ್ರು ಕೊನೆಯವರೆಗೂ ಬೋರ್ಡಿಗೇ ಪಾಠ ಮಾಡಿದರು. ನಾನು ಗಣಿತದಲ್ಲಿ ಮೂವತ್ತೈದು ತೆಗೆದು ಪಾಸಾದೆ.

ಅಷ್ಟರಲ್ಲಿ ಮಲ್ಲೇಗೌಡ ಮೇಷ್ಟ್ರಿಗೆ ಕೆ. ಹೊಸಕೋಟೆ ಕಡೆಗೆ ವರ್ಗವಾಗಿತ್ತು. ನಾನು ಸಕಲೇಶಪುರದಲ್ಲಿ ಪಿಯುಸಿ ಓದಿ, ಟೈಪಿಂಗ್ ಕಲಿತು, ಅಲ್ಲೇ ಒಂದು ಕಾಫಿ ವ್ಯಾಪಾರಿಗಳ ಕಚೇರಿಯಲ್ಲಿ ಟೈಪಿಸ್ಟ್ ಆದೆ. ಕೆಲಸ ಸಿಕ್ಕಿದ್ದನ್ನು ಹೇಳಬೇಕು, ಒಂದು ಭಾನುವಾರ ಹೋಗಿಬರಬೇಕು ಎನ್ನುತ್ತಲೇ ಎರಡು ವರ್ಷ ಕಳೆದೆ.

ಕೊನೆಯ ಸಲ ಅವರನ್ನು ಕಂಡದ್ದು ಆಲೂರಿನ ಬಸ್ ನಿಲ್ದಾಣದಲ್ಲಿ. ಅವ್ವನ ಜೊತೆ ನೆಂಟರ ಮನೆಗೆ ಹೊರಟಿದ್ದೆ. ಜಡಿಮಳೆ. ಹಾಸನದ ಬಸ್ಸು ಹೊರಡಲು ಸಿದ್ಧವಾಗಿತ್ತು, ಕಿಟಕಿಯ ಗಾಜುಗಳೆಲ್ಲ ಮುಚ್ಚಿದ್ದವು. ಒಂದು ಗಾಜಿನ ಹಬೆಯನ್ನು ಒಳಗಿನಿಂದ ಯಾರೋ ಅಂಗೈಯಲ್ಲಿ ಒರೆಸಿದರು. ಮೇಷ್ಟ್ರು! ತುಂಬ ಇಳಿದುಹೋಗಿದ್ದರು. ಪಕ್ಕದಲ್ಲಿ ಅವರ ಮಗನಿದ್ದ. ನಾನು ಓಡಿ ಹೋಗಿ ಕಿಟಕಿಯ ಕೆಳಗೆ ಮಳೆಯಲ್ಲೇ ನಿಂತೆ.

"ಕೆಲ್ಸ ಸಿಕ್ತಂತೆ?" ಎಂದರು. ಎರಡೂ ಕೈ ಎತ್ತಿ ಬೆರಳು ಆಡಿಸಿ ಟೈಪ್ ಮಾಡಿ ತೋರಿಸಿದೆ. ಅವರ ಮುಖ ತುಂಬ ನಗು. "ಹಾಸನಕ್ಕೆ. ಡಾಕ್ಟ್ರತ್ರ" ಎಂದು ಎದೆ ಮುಟ್ಟಿ ತೋರಿಸಿದರು. "ಏನಿಲ್ಲ, ಹೆದರ್ಕಬ್ಯಾಡ." ಬಸ್ಸು ಅಲುಗಿತು. ಅವರು ಗಾಜಿಗೆ ಇನ್ನಷ್ಟು ಹತ್ತಿರ ಬಂದು, ಬುಜ ಮುಟ್ಟಿಕೊಂಡು, ತರಗತಿಯಲ್ಲಿ ಹೇಳುತ್ತಿದ್ದಷ್ಟೇ ನಿಧಾನವಾಗಿ ಇನ್ನೊಂದು ಮಾತು ಹೇಳಿದರು.

ಅವ್ವ ಸೆರಗನ್ನು ತಲೆಗೆ ಎಳೆದುಕೊಳ್ಳುತ್ತಾ ಬಂದು ನನ್ನ ಮುಖ ತಿರುಗಿಸಿದಳು. "ಮೇಷ್ಟ್ರಲ್ಲೇನೇ ಅದು? ಏನಂದ್ರು? ಮುಚ್ಚಿದ್ ಗಾಜು, ಮಳೆ ಬ್ಯಾರೆ, ನನಗೊಂದೂ ಕೇಳ್ಸಲಿಲ್ಲ."

"ಬತ್ತೀನಿ ಅಂದ್ರು ಕಣವ್ವ" ಎಂದೆ.

ಹಾಸನದಿಂದ ಅವರು ಬರಲಿಲ್ಲ.