ಅಜ್ಜ ಹಾಕಿದ ಇಳಿಜಾರು

ನಮ್ಮ ಅಜ್ಜ ನಿಜಾಮರ ಕಾಲದ ವಾಸ್ತುಶಿಲ್ಪಿ. ಡೇರೆಯಲ್ಲಿ ಸಿನಿಮಾ ನೋಡುತ್ತಿದ್ದ ಊರುಗಳಿಗೆ ಗೋಡೆ, ಚಾವಣಿಯ ಟಾಕೀಸು ಕೊಟ್ಟವರು. ಅವೆಲ್ಲ ಒಂದೊಂದಾಗಿ ನೆಲಸಮವಾಗಿ ಗಂಗಾವತಿಯದೊಂದೇ ಉಳಿದಿತ್ತು. ಅದನ್ನೂ ಕೆಡವುತ್ತಾರೆಂದು ಕೇಳಿ ಹೋದೆ.

ಅದೀಗ ಅಕ್ಕಿ ಗೋದಾಮು. ಶಟರ್ ತೆರೆದೇ ಇತ್ತು, ಆದರೂ ತಟ್ಟಿಯೇ ಒಳಹೋದೆ. ಕಾನ್ವೆಂಟಿನಲ್ಲಿ ಕಲಿತ ಶಿಸ್ತು. ಮಾಲೀಕ ಹುಸೇನ್‌ಸಾಬರಿಗೆ ನಾನು ಯಾರೆಂದು ಹೇಳಿದೆ.

“ನಿಮ್ಮ ಅಜ್ಜಾರು ಕಟ್ಟಿದ್ದೇನ್ರಿ ಇದು?”

“ಕಟ್ಟಿದ್ದಲ್ಲ, ನಕ್ಷೆ ಹಾಕಿದ್ದು.”

“ಹಂಗಾರ ನೆಲ ಯಾಕ ಇಳಿಜಾರು ಮಾಡ್ಯಾರ್ರಿ ಅಮ್ಮಾರ?”

“ಹಿಂದೆ ಕೂತವರಿಗೂ ಪರದೆ ಕಾಣಲಿ ಎಂದು.”

“ಅಕ್ಕಿ ಚೀಲಕ್ಕ ಏನ್ ಕಾಣಬೇಕಾಗೈತ್ರಿ?”

ನಾನು ನಗಲಿಲ್ಲ. ಕೆಡವುವುದು ಯಾವಾಗ ಎಂದು ಕೇಳಿದೆ.

“ಆ ವಿಚಾರ ಬಿಟ್ಟೀನ್ರಿ. ಹೋದ ಮಳಿಗಾಲದಾಗ ನೀರು ಹೊಕ್ತು. ಬಾಜೂ ಗೋದಾಮಿನ್ಯಾಗ ಚೀಲೆಲ್ಲ ನೆಂದು ಹೋದ್ವು. ಇಲ್ಲಿ ನೀರು ಇಳಿದು, ಪರದಿ ಮಗ್ಗಲಿನ ಬಾಗಲದಾಗ ಹೊರಗ ಹೋತು. ಭಾಳ ಛಲೋ ನೆಲ ಐತ್ರಿ.”

ಎದೆಯ ಭಾರ ಇಳಿಯಿತು. ಆಗಲೇ ನಾನು ಸುತ್ತ ಸರಿಯಾಗಿ ನೋಡಿದ್ದು. ಎತ್ತರದ ಹಿಂಬದಿಯಲ್ಲಿ ದುಬಾರಿ ಸೋನಾ ಮಸೂರಿ, ಪರದೆಯ ಮುಂದಿನ ಗಾಂಧಿ ಕ್ಲಾಸಿನಲ್ಲಿ ನುಚ್ಚು. ಚೀಲಗಳು ಟಿಕೆಟಿನ ದರ ನೋಡಿಕೊಂಡೇ ಕೂತಿದ್ದವು.