ಹಾಲಿನ ಜಾತಿಯ ಔಷಧಿ

ನಮ್ಮಣ್ಣ ಕಾಂಪೌಂಡರ್. ಈ ಕಾಲದಲ್ಲಿ ಅಂಥವರು ಎಲ್ಲಿದ್ದಾರೆ ಅಂತ ಕೇಳಬೇಡಿ, ಇದ್ದಾರೆ. ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಉದ್ದನೆಯ ಕೋಣೆ, ಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಯ ಆಚೆ ಸಾಲು ನಿಂತ ಜನ, ಈಚೆ ನಮ್ಮಣ್ಣ. ಕಲ್ಲಿನ ಮೇಜಿನ ಮೇಲೆ ಪುಡಿ ಅರೆಯುವ ಪಿಂಗಾಣಿ ಬಟ್ಟಲು, ಗೆರೆ ಹಾಕಿದ ಗಾಜಿನ ಲೋಟಗಳು, ಮೂಲೆಯ ತೊಟ್ಟಿಯಲ್ಲಿ ತೊಳೆದು ಬೋರಲು ಹಾಕಿದ ಸೀಸೆಗಳು. ಆ ಕೋಣೆಯಲ್ಲೇ ಅವನ ಕೂದಲು ನೆರೆಯಿತು. ಹೆಂಡತಿ ತೀರಿಕೊಂಡ ಮೇಲೆ ಆಸ್ಪತ್ರೆಯ ಪಕ್ಕದ ಗಲ್ಲಿಯಲ್ಲೇ ಒಂದು ಕೋಣೆ ಹಿಡಿದು, ಅದನ್ನೂ ಇನ್ನೊಂದು ಔಷಧಿ ಅಂಗಡಿಯ ಹಾಗೆ ಜೋಡಿಸಿಟ್ಟುಕೊಂಡಿದ್ದ.

ಅಣ್ಣನಿಗೆ ಒಂದು ಚಟ. ಕುಡಿಯುವುದಲ್ಲ, ಸೇದುವುದಲ್ಲ, ಪಾಠ ಹೇಳುವುದು. ಅವನ ಲೆಕ್ಕದಲ್ಲಿ ಜಗತ್ತಿನಲ್ಲಿರುವ ಮಿಶ್ರಣಗಳೆಲ್ಲ ಮೂರೇ ಜಾತಿ. ಒಂದು, ಸಕ್ಕರೆ ನೀರಿನ ಜಾತಿ. ಬೆರೆತ ಮೇಲೆ ಯಾವುದು ಸಕ್ಕರೆ, ಯಾವುದು ನೀರು ಎಂದು ತೋರಿಸಲಾಗದು. ಸೀಸೆಯ ಕುತ್ತಿಗೆಯಲ್ಲಿ ಎಷ್ಟು ಸಿಹಿಯೋ ತಳದಲ್ಲೂ ಅಷ್ಟೇ ಸಿಹಿ. ಬಟ್ಟೆಯಲ್ಲಿ ಸೋಸಿದರೆ ಬಟ್ಟೆ ಒದ್ದೆಯಾಗುತ್ತದೆ, ಅಷ್ಟೇ. ಎರಡನೆಯದು, ಸೀಮೆಸುಣ್ಣದ ಪುಡಿ ಕಲಸಿದ ನೀರಿನ ಜಾತಿ. ಕಲಕುವಾಗ ಒಂದಾದಂತೆ ಕಾಣುತ್ತದೆ, ಸುಮ್ಮನೆ ಬಿಟ್ಟರೆ ಪುಡಿ ಕೆಳಗೆ, ನೀರು ಮೇಲೆ. ಮೂರನೆಯದು, ಹಾಲಿನ ಜಾತಿ. ಒಳಗೆ ಕೊಬ್ಬಿನ ಸಣ್ಣ ಸಣ್ಣ ಕಣಗಳು ತೇಲುತ್ತಿರುತ್ತವೆ, ಬೆಳಕು ಹಿಡಿದರೆ ಆಚೆ ಕಾಣುವುದಿಲ್ಲ, ಆದರೂ ತಳ ಕಟ್ಟುವುದಿಲ್ಲ. ಪುಸ್ತಕದಲ್ಲಿ ಇವಕ್ಕೆ ದ್ರಾವಣ, ನಿಲಂಬನ, ಕಲಿಲ ಎಂಬ ಗಂಭೀರ ಹೆಸರುಗಳಿವೆ. ಅಣ್ಣನಿಗೆ ಅವೂ ಗೊತ್ತು, ಆದರೆ ಕಿಂಡಿಯ ಆಚೆ ಕೆಮ್ಮುತ್ತ ನಿಂತವರಿಗೆ ಹಾಲು, ಸಕ್ಕರೆ, ಸೀಮೆಸುಣ್ಣವೇ ಸಾಕು.

"ಹಾಲಿಗೆ ಕೆನೆ ಕಟ್ಟುತ್ತಲ್ಲಣ್ಣ?" ಅಂತ ನಾನೊಮ್ಮೆ ಕೆಣಕಿದ್ದೆ.

"ಅದು ಬೇರೆ ವಿಷಯ. ನಡುವೆ ಬಾಯಿ ಹಾಕ್ಬೇಡ," ಅಂತ ಗದರಿದ. ಉತ್ತರ ಗೊತ್ತಿಲ್ಲದಾಗ ಗದರುವುದು ನಮ್ಮ ಮನೆತನದ ಗುಣ, ನನಗೂ ಬಂದಿದೆ.

ನಾವು ನಾಲ್ವರು. ಅಣ್ಣ, ಅಕ್ಕ, ನಾನು, ಕೊನೆಗೆ ಪುಟ್ಟ. ಹೆಸರಿಗೆ ಪುಟ್ಟ, ಮೀಸೆಯಲ್ಲಿ ಆಗಲೇ ಬಿಳಿ ಇಣುಕಿದೆ. ಅವನಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಔಷಧಿ ಸರಿಯಾಗಿ ಹೊಟ್ಟೆಗೆ ಬಿದ್ದರೆ ಏನೂ ಇಲ್ಲ, ಎಲ್ಲರಂತೆ ಇರುತ್ತಾನೆ. ಒಬ್ಬನೇ ಇರಲು ಮಾತ್ರ ಬಿಡುವಂತಿಲ್ಲ. ಅಣ್ಣ ಹಗಲೆಲ್ಲ ಕಿಂಡಿಯಲ್ಲಿ ಸಿಕ್ಕಿಬಿದ್ದವನು. ಹಾಗಾಗಿ ಪುಟ್ಟ ಒಂದು ತಿಂಗಳು ಅಕ್ಕನ ಮನೆಯಲ್ಲಿ, ಒಂದು ತಿಂಗಳು ನನ್ನ ಮನೆಯಲ್ಲಿ. ಅಕ್ಕ ಬಟ್ಟೆ ಹೊಲಿಯುತ್ತಾಳೆ, ಪುಟ್ಟ ಗುಂಡಿ ಹಾಕಿ ಇಸ್ತ್ರಿ ಮಾಡುತ್ತಿದ್ದ. ನನ್ನದು ಮನೆಯ ಮುಂದೆಯೇ ಕಾಗದ, ಪೆನ್ಸಿಲಿನ ಅಂಗಡಿ. ಅಲ್ಲಿ ಕೂತು ಬಂದವರ ತಲೆ ತಿನ್ನುತ್ತಿದ್ದ. ಒಂದು ರಬ್ಬರ್ ಕೊಳ್ಳಲು ಬಂದ ಮಗು ಅರ್ಧ ಗಂಟೆ ಕತೆ ಕೇಳಿಕೊಂಡು ಹೋಗುತ್ತಿತ್ತು. ಅವನನ್ನು ಹೊರಗಿನವರ ಕೈಗೆ ಒಪ್ಪಿಸಬಾರದು, ಸಾಯುವ ತನಕ ನಮ್ಮ ನಡುವೆಯೇ ಇಟ್ಟುಕೊಳ್ಳಬೇಕು ಅನ್ನುವುದೊಂದೇ ಅಣ್ಣನ ಹಟ. ಬೇರೆ ಯಾವ ಆಸೆಯನ್ನೂ ಅವನು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ.

ಪುಟ್ಟನ ಔಷಧಿ ಎರಡು ತಿಂಗಳಿಗಾಗುವಷ್ಟು ದೊಡ್ಡ ಸೀಸೆಯಲ್ಲಿ ಮುಂಚೆಯೇ ಬರುತ್ತಿತ್ತು. ಅಣ್ಣ ಅದನ್ನು ತನ್ನ ಕೋಣೆಯ ಗೋಡೆ ಬೀರುವಿನಲ್ಲಿಟ್ಟು, ಹಳೆಯದು ಮುಗಿಯುವ ಭಾನುವಾರ, ಮನೆಗೊಂದರಂತೆ ಎರಡು ಸಣ್ಣ ಸೀಸೆಗಳಿಗೆ ಪಾಲು ಮಾಡುತ್ತಿದ್ದ. ಅವನು ಸುರಿಯುವುದನ್ನು ನೋಡಬೇಕು. ಸೀಸೆಯನ್ನು ನಿದ್ದೆಯಲ್ಲಿರುವ ಕೂಸನ್ನು ಎತ್ತುವ ಹಾಗೆ ಎತ್ತಿ, ಗಾಜಿನ ಕಡ್ಡಿಯ ಗುಂಟ ಇಳಿಬಿಟ್ಟರೆ ಒಂದು ಗುಳ್ಳೆ ಏಳುತ್ತಿರಲಿಲ್ಲ, ಒಂದು ಹನಿ ಚೆಲ್ಲುತ್ತಿರಲಿಲ್ಲ. ಗುಳ್ಳೆ ಎದ್ದರೆ ಅಳತೆ ತಪ್ಪುತ್ತದೆ ಅನ್ನುವುದು ಅವನ ಕಸುಬಿನ ಹೆಮ್ಮೆ. ಮೊದಲು ಅಕ್ಕನ ಸೀಸೆ ತುಂಬುತ್ತಿದ್ದ, ಏಕೆಂದರೆ ಹಿರಿಯಳಿಗೆ ಮೊದಲು. ಆಮೇಲೆ ನನ್ನದು. ಕೊನೆಗೆ ದೊಡ್ಡ ಸೀಸೆಯನ್ನು ನನ್ನ ಸೀಸೆಯ ಮೇಲೆ ಬೋರಲು ಹಿಡಿದು, ಕೊನೆಯ ಹನಿ ಇಳಿಯುವ ತನಕ ಕಾಯುತ್ತಿದ್ದ.

ಆ ಔಷಧಿ ಕೆಂಪಗೆ, ತಿಳಿಯಾಗಿ, ಸಕ್ಕರೆ ನೀರಿನ ಜಾತಿಯದಾಗಿತ್ತು. ಬಹಳ ಕಾಲ ಹಾಗೇ ನಡೆಯಿತು. ಒಮ್ಮೆ ಅದು ಬರುವುದು ನಿಂತು, ಡಾಕ್ಟರು ಬೇರೆಯದನ್ನು ಬರೆದರು. ಕಂದು ಸೀಸೆ, ಒಳಗೆ ಗುಲಾಬಿ ಬಣ್ಣದ ಹಾಲಿನಂಥದ್ದು. ಅಣ್ಣ ಒಂದಿಷ್ಟನ್ನು ಗಾಜಿನ ಲೋಟಕ್ಕೆ ಸುರಿದು ಕಿಟಕಿಗೆ ಹಿಡಿದ, ಬೆರಳಲ್ಲಿ ಉಜ್ಜಿದ, ಮೂಸಿದ, ಒಂದಷ್ಟು ಹೊತ್ತು ಮೇಜಿನ ಮೇಲಿಟ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ತಳದಲ್ಲಿ ಏನೂ ಕೂರಲಿಲ್ಲ.

"ಹಾಲಿನ ಜಾತಿ," ಅಂತ ತೀರ್ಪು ಕೊಟ್ಟ.

"ಸೀಸೆ ಮೇಲೆ ಚೆನ್ನಾಗಿ ಅಲುಗಾಡಿಸಿ ಅಂತ ಬರೆದಿದೆಯಲ್ಲಣ್ಣ?" ಅಂದೆ.

"ಅದನ್ನ ಈಗ ನೀರಿನ ಸೀಸೆ ಮೇಲೂ ಅಚ್ಚು ಹಾಕ್ತಾರೆ. ನಂಗೆ ಹೇಳಿಕೊಡ್ತೀಯಾ? ಅಲುಗಾಡಿಸಿದ್ರೆ ನೊರೆ ಏಳುತ್ತೆ, ಚಮಚದಲ್ಲಿ ಅರ್ಧ ಗಾಳಿನೇ ಇರುತ್ತೆ."

ಔಷಧಿಯ ಗಂಧಗಾಳಿ ಇಲ್ಲದ ಯಾರಾದರೂ ಆಗಿದ್ದರೆ ಬರೆದದ್ದನ್ನು ಓದಿ ಸುಮ್ಮನೆ ಅಲುಗಾಡಿಸಿಬಿಡುತ್ತಿದ್ದರು. ಅಣ್ಣನಿಗೆ ಜಾತಿ ಗೊತ್ತಿತ್ತು, ಅದೇ ಮುಳುವಾಯಿತು.

ಅದಾದ ಮೇಲಿನ ತಿಂಗಳುಗಳನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅಕ್ಕನ ಮನೆಯಲ್ಲಿದ್ದಾಗ ಪುಟ್ಟನಿಗೆ ಮತ್ತೆ ಮೂರ್ಛೆ ಬರತೊಡಗಿತು. ಇಸ್ತ್ರಿ ಪೆಟ್ಟಿಗೆಯ ಪಕ್ಕ ಬಿದ್ದು ತೋಳು ಸುಟ್ಟುಕೊಂಡ. ಮೆಟ್ಟಿಲಲ್ಲಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡ. ನನ್ನ ಮನೆಗೆ ಬಂದರೆ ಒಂದು ಸಲವೂ ಮೂರ್ಛೆ ಇಲ್ಲ, ಬದಲಿಗೆ ಮಂಕು. ಹಗಲೂ ತೂಕಡಿಕೆ, ನಾಲಿಗೆ ತೊದಲು, ನಡೆದರೆ ತೂರಾಟ, ಗೋಡೆ ಹಿಡಿದು ಬಚ್ಚಲಿಗೆ ಹೋಗಬೇಕು. ಅಂಗಡಿಯಲ್ಲಿ ಕೂತರೆ ತಲೆ ಮೇಜಿಗೆ ಬಡಿಯುತ್ತಿತ್ತು. ಕತೆಗೆ ಅಂತ ಬಂದ ಮಕ್ಕಳು ಅವನ ಮುಖ ನೋಡಿ ಹೆದರಿ ಹೊರಟುಹೋಗುತ್ತಿದ್ದರು.

ನಾನು ಅಕ್ಕನಿಗೆ ಅಂದೆ, "ಹೊಲಿಗೆ ಹೊಲಿಗೆ ಅಂತ ನೀನು ಔಷಧಿ ಕೊಡೋದನ್ನೇ ಮರೀತೀಯ."

ಅಕ್ಕ ಅಂದಳು, "ನೀನು ನಿನ್ನ ವ್ಯಾಪಾರಕ್ಕೆ ತೊಂದ್ರೆ ಆಗ್ಬಾರ್ದು ಅಂತ ಎರಡೆರಡು ಚಮಚ ಸುರಿದು ಮಲಗಿಸ್ತೀಯ."

ಅಲ್ಲಿಗೆ ಶುರುವಾದದ್ದು ನಿಲ್ಲಲಿಲ್ಲ. ಎಣ್ಣೆ ಸೀಗೆಕಾಯಿ ಅನ್ನುತ್ತಾರಲ್ಲ, ಹಾಗಾದೆವು. ಹಳೆಯದೆಲ್ಲ ಹೊರಬಂತು. ಅಮ್ಮ ಯಾರಿಗೆ ಏನು ಕೊಟ್ಟಳು, ಯಾರ ಮದುವೆಯಲ್ಲಿ ಯಾರು ಮುಖ ಊದಿಸಿಕೊಂಡರು, ಎಲ್ಲ. ಅಣ್ಣ ನಡುವೆ ಸಿಕ್ಕಿ ಒಮ್ಮೆ ಅವಳ ಮನೆಗೆ, ಒಮ್ಮೆ ನನ್ನ ಮನೆಗೆ ಓಡಾಡಿದ. ಎರಡೂ ಕಡೆ ಅಳತೆಯ ಚಮಚ ತೆಗೆಸಿ ನೋಡಿದ. ಎರಡೂ ಸರಿಯಾಗಿದ್ದವು. "ಸೀಸೆ ಒಂದೇ, ಔಷಧಿ ಒಂದೇ, ಚಮಚ ಒಂದೇ. ನಿಮ್ಮಿಬ್ಬರಲ್ಲಿ ಒಬ್ರು ಸುಳ್ಳು ಹೇಳ್ತಿದೀರಿ," ಅಂದ. ಅವನೇ ಹಾಗಂದ ಮೇಲೆ ಇನ್ನೇನು ಉಳಿಯಿತು?

ಡಾಕ್ಟರೂ ನಮ್ಮಿಬ್ಬರ ಮುಖವನ್ನು ಅನುಮಾನದಿಂದ ನೋಡಿದರು. ಊರಾಚೆ ಇಂಥ ರೋಗಿಗಳನ್ನು ನೋಡಿಕೊಳ್ಳುವ ಮನೆಯೊಂದಿದೆ, ಕೆಲವು ದಿನ ಅಲ್ಲಿರಲಿ, ಔಷಧಿ ಹೊತ್ತುಹೊತ್ತಿಗೆ ಹೋಗುತ್ತದೆ ಎಂದರು. ಅಣ್ಣ ಬೇಡವೆಂದು ಗೋಗರೆದ. ಅಕ್ಕ, "ಅವಳು ತಪ್ಪು ಒಪ್ಪಿಕೊಳ್ಳೋ ತನಕ ನನ್ನ ಮನೆಗೂ ಬೇಡ," ಅಂದಳು. ನಾನೇನು ಕಡಿಮೆಯೇ, ಅದನ್ನೇ ತಿರುಗಿಸಿ ಅಂದೆ. ಪುಟ್ಟ ತನ್ನ ಚೀಲ ತಾನೇ ತುಂಬಿಕೊಂಡ. ಅಣ್ಣ ಅವನ ಕೈ ಹಿಡಿದು ವಾಹನ ಹತ್ತಿಸಿದ.

ಆ ಮನೆಯಲ್ಲಿ ಮಧ್ಯಾಹ್ನ ನೆಂಟರನ್ನು ಒಳಗೆ ಬಿಡುತ್ತಿದ್ದರು. ಸ್ವಲ್ಪ ಕಾಲದ ಮೇಲೆ ಅಣ್ಣನ ಜೊತೆ ನಾನೂ ಹೋದೆ. ಪುಟ್ಟ ಅಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ. ನನಗೆ ಗುರುತೇ ಸಿಗಲಿಲ್ಲ. ತೂರಾಟವಿಲ್ಲ, ತೊದಲಿಲ್ಲ, ಮೈಮೇಲೆ ಹೊಸ ಗಾಯವಿಲ್ಲ. ಬಂದ ಮೇಲೆ ಒಂದು ಸಲವೂ ಮೂರ್ಛೆ ಹೋಗಿಲ್ಲ ಅಂತ ಅಲ್ಲಿಯವರು ಅಂದರು. ಔಷಧಿ ಬದಲಾಯಿಸಿದಿರಾ ಅಂತ ಅಣ್ಣ ಕೇಳಿದ. ಇಲ್ಲ, ಅದೇ ಔಷಧಿ, ಅದೇ ಅಳತೆ.

ನನಗೆ ಒಳಗೊಳಗೇ ಚುಚ್ಚಿತು. ಸ್ವಂತ ಅಕ್ಕಂದಿರ ಕೈಲಿ ಆಗದ್ದು ಯಾರೋ ಪರಕೀಯರ ಕೈಲಿ ಆಯಿತಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಅಷ್ಟರಲ್ಲಿ ದಾದಿ ತಟ್ಟೆಯಲ್ಲಿ ಔಷಧಿ ಹಿಡಿದು ಬಂದಳು. ಪಕ್ಕದವಳ ಜೊತೆ ತನ್ನ ಹಲ್ಲುನೋವಿನ ವಿಷಯ ಮಾತಾಡುತ್ತಲೇ ಕಂದು ಸೀಸೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ, ಜೋರಾಗಿ ಅಲುಗಾಡಿಸಿದಳು. ಚಮಚಕ್ಕೆ ಸುರಿದಳು, ಕುಡಿಸಿದಳು, ಮುಂದೆ ಹೋದಳು.

ಅಣ್ಣ ಬಿಳಿಚಿಕೊಂಡ. ಅವಳ ಹಿಂದೆಯೇ ಹೋಗಿ, "ತಾಯಿ, ಬಹಳ ದಿನದಿಂದ ಮುಟ್ಟದೆ ಇಟ್ಟಿರೋ ಸೀಸೆ ಒಂದಿದ್ರೆ ತೋರಿಸ್ತೀರಾ?" ಎಂದು ಬೇಡಿದ. ಅವಳು ಕಪಾಟಿನ ಹಿಂದಿನಿಂದ ಒಂದನ್ನು ಕೊಟ್ಟಳು. ಅಣ್ಣ ಅದನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಬೋರಲು ಮಾಡಿದ. ಮೇಲಿನ ತೆಳು ನೀರು ಸರಕ್ಕನೆ ಕುತ್ತಿಗೆಗೆ ಇಳಿಯಿತು. ತಳದಲ್ಲಿ ಬೆರಳಗಲದ ಗಟ್ಟಿ ಮಡ್ಡಿ ಅಂಟಿಕೊಂಡೇ ಇತ್ತು. ಆಮೇಲೆ ಅದು ನಿಧಾನವಾಗಿ ಜಾರತೊಡಗಿತು.

"ಹಾಲಲ್ಲ," ಅಂದ. "ಸೀಮೆಸುಣ್ಣ. ಪುಡಿ ಬಹಳ ನುಣ್ಣಗಿದೆ, ತಳ ಕೂರೋಕೆ ದಿನಗಟ್ಟಲೆ ಬೇಕು. ನಾನು ಒಂದು ಗಳಿಗೆ ನೋಡಿ ಜಾತಿ ಹೇಳ್ಬಿಟ್ಟೆ."

ಬೆಂಚಿನ ಮೇಲೆ ಕುಸಿದು ಕೂತ. ನನಗೆ ಇನ್ನೂ ತಲೆಗೆ ಹತ್ತಿರಲಿಲ್ಲ. ಅವನೇ ಬಿಡಿಸಿ ಹೇಳಿದ. ದೊಡ್ಡ ಸೀಸೆ ವಾರಗಟ್ಟಲೆ ಬೀರುವಿನಲ್ಲಿ ಅಲುಗದೆ ಕೂತಿದೆ, ಔಷಧಿಯೆಲ್ಲ ತಳಕ್ಕಿಳಿದಿದೆ. ಅವನು ಗುಳ್ಳೆ ಏಳದ ಹಾಗೆ ಮೇಲಿನ ಅರ್ಧವನ್ನು ಅಕ್ಕನಿಗೆ ಸುರಿದಿದ್ದಾನೆ, ಅದು ಬಣ್ಣದ ನೀರು. ತಳದ ಅರ್ಧವನ್ನು ಕೊನೆಯ ಹನಿಯ ತನಕ ನನಗೆ ಸುರಿದಿದ್ದಾನೆ, ಅದರಲ್ಲಿ ಇಬ್ಬರ ಪಾಲಿನ ಔಷಧಿ. ಪಾಲು ಮಾಡಿದ ಮೇಲೆ ಮನೆಯಲ್ಲಿ ನಾವು ಎಷ್ಟು ಅಲುಗಾಡಿಸಿದ್ದರೂ ಅಷ್ಟೇ ಆಗಿತ್ತು.

"ನೀವಿಬ್ರೂ ಸುಳ್ಳು ಹೇಳಿರಲಿಲ್ಲ ಕಣೇ," ಅಂದು ಮುಖ ಮುಚ್ಚಿಕೊಂಡ. ಅಣ್ಣ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ. ಅತ್ತಿಗೆ ಹೋದಾಗಲೂ ಅವನು ಅತ್ತಿರಲಿಲ್ಲ. ಬೈಯಬೇಕು ಅನ್ನಿಸಿತು, ಬದಲಿಗೆ ಅವನ ಪಕ್ಕ ಹೋಗಿ ಕೂತೆ.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆವು. ಅಣ್ಣ ಹೊಸಿಲಲ್ಲೇ ನಿಂತು ಎಲ್ಲ ಹೇಳಿದ. ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು. ನನ್ನ ಕಡೆ ನೋಡಲು ಅವಳಿಗೂ ಆಗಲಿಲ್ಲ, ಅವಳ ಕಡೆ ನೋಡಲು ನನಗೂ ಆಗಲಿಲ್ಲ. ಕೊನೆಗೆ ಅವಳೇ, "ನಾಳೆನೇ ಕರ್ಕೊಂಡು ಬರೋಣ. ಹಾಸಿಗೆ ಬಿಸಿಲಿಗೆ ಹಾಕ್ತೀನಿ," ಅಂದಳು. ಅಷ್ಟಕ್ಕೇ ನಾವು ರಾಜಿಯಾದೆವು.

ಮರುದಿನ ಮೂವರೂ ಹೋದೆವು. ಪುಟ್ಟ ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತ. ಅಣ್ಣ ಅವನ ಮುಂದೆ ಸಕ್ಕರೆ ನೀರು, ಸೀಮೆಸುಣ್ಣ, ಹಾಲು ಎಲ್ಲವನ್ನೂ ಮತ್ತೊಮ್ಮೆ ಹರಡಿದ. ಪುಟ್ಟ ಗಮನ ಇಟ್ಟು ಕೇಳಿದ, ನಡುನಡುವೆ ತಲೆಯಾಡಿಸಿದ. ಅವನಿಗೆ ಅರ್ಥವಾಯಿತು, ಅವನೇನು ದಡ್ಡನಲ್ಲ.

"ಅಂದ್ರೆ ಅಕ್ಕಂದೂ ತಪ್ಪಿಲ್ಲ, ಇವಳದ್ದೂ ತಪ್ಪಿಲ್ಲ," ಅಂದ.

"ಇಲ್ಲಪ್ಪ. ನಂದೇ. ಇನ್ಮೇಲೆ ಎರಡು ಸೀಸೆ ಬೇರೆ ಬೇರೆ ತರಿಸ್ತೀನಿ, ಸುರಿಯೋ ಗೋಜೇ ಬೇಡ. ಹೊರಡು, ಚೀಲ ತಗೋ."

ಪುಟ್ಟ ಏಳಲಿಲ್ಲ. ನೆಲ ನೋಡುತ್ತ ಕೂತ. "ಅಣ್ಣ, ಬಿದ್ದಿದ್ದು, ತೂಕಡಿಸಿದ್ದು ಔಷಧಿಯಿಂದ. ಸರಿ. ಇವರಿಬ್ರೂ ಆಡಿದ ಮಾತು ಔಷಧಿಯಿಂದ ಬಂದಿದ್ದಲ್ಲವಲ್ಲ," ಅಂದ. ದನಿಯಲ್ಲಿ ಕೋಪವಿರಲಿಲ್ಲ. "ನಾನು ಒಳಗಿನ ಕೋಣೆಲಿ ಕಣ್ಣು ಮುಚ್ಕೊಂಡಿದ್ದೆ, ನಿದ್ದೆ ಇರಲಿಲ್ಲ. ಇವನು ಯಾವಾಗ ಹೋಗ್ತಾನೋ ಅಂತ ಅಕ್ಕ ಅಂದ್ಳು. ಇವನಿಂದ ನನ್ನ ಅಂಗಡಿ ಮುಳುಗಿತು ಅಂತ ಇವಳು ಅಂದ್ಳು."

ನಾನು ಹಾಗೆ ಅಂದಿದ್ದು ನಿಜ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

"ಇಲ್ಲಿ ಯಾರೂ ನನ್ನ ವಿಷಯಕ್ಕೆ ಜಗಳ ಆಡಲ್ಲ," ಅಂದ ಪುಟ್ಟ. "ಆಡೋಕೆ ಅವರಿಗೆ ನಾನು ಯಾರೂ ಅಲ್ಲವಲ್ಲ. ಅದೇ ವಾಸಿ."

ಅಣ್ಣ ಅವನ ಮೊಣಕಾಲು ಹಿಡಿದುಕೊಂಡು, "ಏನು ಮಾಡಿದ್ರೆ ಬರ್ತೀಯ ಹೇಳು. ಏನಾದ್ರೂ ಹೇಳು, ಮಾಡ್ತೀನಿ," ಅಂದ. ಎಂದೂ ಯಾರ ಮುಂದೆಯೂ ತಗ್ಗದವನು.

ಪುಟ್ಟ ಬಹಳ ಹೊತ್ತು ಯೋಚಿಸಿದ. ನಿಜವಾಗಿ ಯೋಚಿಸುತ್ತಿದ್ದ, ಅಣ್ಣನಿಗೆ ಏನಾದರೊಂದು ಕೆಲಸ ಕೊಡಬೇಕೆಂದು ಹುಡುಕುತ್ತಿದ್ದ ಅನ್ನಿಸುತ್ತದೆ. ಏನೂ ಸಿಗಲಿಲ್ಲ. ಒಳಗೆ ಊಟದ ಗಂಟೆ ಹೊಡೆಯಿತು.

"ತಡ ಮಾಡಿದ್ರೆ ಎಲ್ಲರೂ ನಂಗೆ ಕಾಯ್ತಾರೆ," ಅಂತ ಎದ್ದ. ಅಣ್ಣನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಅಂಗಳ ದಾಟಿ, ಮೆಟ್ಟಿಲು ಹತ್ತಿ ಒಳಗೆ ಹೋದ. ಎಲ್ಲೂ ಗೋಡೆ ಹಿಡಿಯಲಿಲ್ಲ, ಎಲ್ಲೂ ಎಡವಲಿಲ್ಲ. ಅವನು ಹಾಗೆ ನೆಟ್ಟಗೆ ನಡೆಯಲಿ ಅಂತಲೇ ನಾವು ಮೂವರೂ ಅಷ್ಟು ಕಾಲ ಹಂಬಲಿಸಿದ್ದು. ಬಾಗಿಲು ಮುಚ್ಚಿದ ಮೇಲೂ ಅಣ್ಣ ಅಲ್ಲೇ ನೋಡುತ್ತ ಕೂತಿದ್ದ, ಅವನನ್ನು ಎಬ್ಬಿಸಿಕೊಂಡು ಹೋಗಲು ನಮ್ಮಿಬ್ಬರಿಗೂ ಧೈರ್ಯ ಬರಲಿಲ್ಲ.